ಹುಲಿಗೆಮ್ಮನ ರಾಜಧನ

ಕಮಾನು ಸುಳ್ಳು ಹೇಳುವುದಿಲ್ಲ ಎಂದು ಜೋಗಿಕಟ್ಟೆಯ ಮನೆಮನೆಗೆ ಹೋಗಿ ತಿಳಿಹೇಳಿದವಳೇ ಶಿವಗಂಗಾ. ಹಾಗಾಗಿ, ಅದು ಸರಕಿಲ್ಲದ ಆಟೊ ಒಂದನ್ನು ತಡೆದು ನಿಲ್ಲಿಸಿದ ದಿನ, ಇದು ಯಂತ್ರದ ತಪ್ಪು ಎನ್ನಲು ಅವಳಿಗೇ ನಾಲಗೆ ಏಳಲಿಲ್ಲ.

ಆಟೊದಲ್ಲಿದ್ದವರು ಸಂತೆಗೆ ಹೊರಟ ಹೆಂಗಸರು. ಕೈಯಲ್ಲಿ ಮಡಚಿದ ಚೀಲಗಳು. ಚೆಕ್‌ಪೋಸ್ಟಿನ ಕಮಾನಿನ ಕೆಳಗೆ ಬಂದದ್ದೇ ತಡ, ಅಡ್ಡಗಂಬ ಇಳಿಯಿತು, ಕೆಂಪು ದೀಪ ಹತ್ತಿತು. ಮೇಲಿನ ಕಂಟ್ರೋಲ್ ರೂಮಿನ ಪರದೆಯಲ್ಲಿ ‘ಲೆಕ್ಕವಿಲ್ಲದ ಅದಿರು’ ಎಂದು ಬಂತು. ಗಣಿ ಇಲಾಖೆಯ ತಂತ್ರಜ್ಞ ಇನಾಯತ್ ಕೆಳಗಿಳಿದು ಹೋಗಿ ಆಟೊದ ಸೀಟು ಎತ್ತಿ ನೋಡಿದ, ಗಾಲಿಗಳಿಗೆ ನೀರು ಹೊಡೆಸಿದ. ಮತ್ತೆ ಅದೇ ಕೆಂಪು ದೀಪ. ಕೊನೆಗೆ ಹೆಂಗಸರನ್ನು ಇಳಿಸಿ ಒಬ್ಬೊಬ್ಬರನ್ನೇ ನಡೆಸಿದಾಗ, ಉಳಿದವರಿಗೆಲ್ಲ ಸುಮ್ಮನಿದ್ದ ಕಮಾನು ಹುಲಿಗೆಮ್ಮ ಒಬ್ಬಳಿಗೆ ಕೂಗಿತು.

“ಸೀರಿಗೆ ಧೂಳ ಮೆತ್ತಿರಬೇಕು ತಗೊ,” ಎಂದು ಹುಲಿಗೆಮ್ಮ ನಕ್ಕಳು. ಚೆಕ್‌ಪೋಸ್ಟಿನ ಪಕ್ಕದಲ್ಲೇ ಅವಳ ಒಗ್ಗರಣೆ-ಮಿರ್ಚಿ ಅಂಗಡಿ. ಲಾರಿ ಡ್ರೈವರುಗಳೇ ಗಿರಾಕಿಗಳು. ಸಂತೆಯ ಆಸೆ ಬಿಟ್ಟು ಮನೆಗೆ ಹೋದಳು, ತಲೆಗೆ ನೀರು ಹಾಕಿಕೊಂಡು ಒಗೆದ ಸೀರೆ ಉಟ್ಟು ಬಂದಳು. ಕಮಾನು ಮತ್ತೆ ಕೂಗಿತು.

ಇನಾಯತ್ ಕೈಯಲ್ಲಿ ಹಿಡಿದು ಓದುವ ಚಿಕ್ಕ ಯಂತ್ರವನ್ನು ತಂದು ಅವಳ ತಲೆಯಿಂದ ಕಾಲಿನವರೆಗೆ ಆಡಿಸಿದ. ಕೂದಲ ಹತ್ತಿರ ಅದು ಸುಮ್ಮನಿತ್ತು. ಕೈಗಳ ಹತ್ತಿರವೂ ಸುಮ್ಮನಿತ್ತು. ಎದೆಯ ಹತ್ತಿರ ಬಂದಾಗ ಕಿರುಗುಟ್ಟಿತು. ಎಡಕ್ಕೂ ಕಿರುಗುಟ್ಟಿತು, ಬಲಕ್ಕೂ ಕಿರುಗುಟ್ಟಿತು. ಇನಾಯತ್ ಶಿವಗಂಗಾಳ ಮುಖ ನೋಡಿದ. ಅವಳು ಬೇರೆ ಕಡೆ ನೋಡಿದಳು.

ಈ ಕಮಾನು ಹೇಗೆ ಕೆಲಸ ಮಾಡುತ್ತದೆಂದು ಅವಳು ಎಷ್ಟೋ ಸಭೆಗಳಲ್ಲಿ ವಿವರಿಸಿದ್ದಳು. ಗುಡ್ಡ ಒಡೆದ ಕೂಡಲೇ ಅದಿರಿನ ಮೇಲೆ ನೀರಿನ ಜತೆ ಗುರುತುಪುಡಿ ಸಿಂಪಡಿಸಬೇಕು. ಹಿಟ್ಟಿಗಿಂತ ನುಣ್ಣಗಿನ ಪಿಂಗಾಣಿ ಕಣಗಳು ಅವು. ಕಮಾನಿನಿಂದ ಹೊರಡುವ ರೇಡಿಯೊ ಅಲೆ ತಾಗಿದರೆ ಒಂದೊಂದು ಕಣವೂ ಸಣ್ಣಗೆ ಮಾರುತ್ತರ ಕೊಡುತ್ತದೆ. ಒಂದೊಂದು ಗಣಿಯ ಪುಡಿಗೂ ಬೇರೆ ಬೇರೆ ದನಿ. ಇಷ್ಟು ಅದಿರಿಗೆ ಇಷ್ಟೇ ಪುಡಿ ಎಂದು ಗೊತ್ತುಮಾಡಿರುವುದರಿಂದ, ದನಿ ಕೇಳಿದರೆ ಸಾಕು, ಯಾವ ಗಣಿಯದು, ಎಷ್ಟು ಎಂಬುದು ತಿಳಿದುಬಿಡುತ್ತದೆ. ಟಾರ್ಪಾಲು ಹೊದಿಸಿದರೂ, ಮೇಲೆ ಮರಳು ಸುರಿದರೂ ಅದು ಅಡಗುವುದಿಲ್ಲ. ಹಾಗೆ ಸಿಕ್ಕ ತೂಕ, ಅದಕ್ಕೆ ಸರ್ಕಾರಕ್ಕೆ ಸಲ್ಲಬೇಕಾದ ರಾಜಧನ, ಅದರಲ್ಲಿ ಊರಿನ ಪಾಲು ಎಲ್ಲವೂ ಆ ಕ್ಷಣವೇ ಪ್ರತಿ ಪಂಚಾಯತಿಯ ಮುಂದಿನ ಬೋರ್ಡಿನ ಮೇಲೆ ಮೂಡಬೇಕು. ಹಾಗೆಂದು ಕಾಯ್ದೆ.

ಆ ಕಾಯ್ದೆಗಾಗಿ ‘ಗಣಿ ಲೆಕ್ಕ ವೇದಿಕೆ’ ವರ್ಷಗಟ್ಟಲೆ ಧರಣಿ ಕೂತಿತ್ತು. ಶಿವಗಂಗಾ ಅದರ ಕಾರ್ಯದರ್ಶಿ. ಹುಲಿಗೆಮ್ಮ ಅದರ ಗಂಟಲು. “ನಮ್ಮ ಗುಡ್ಡ ಎಲ್ಲಿಗಿ ಹೋತು ಅಂತ ನಮಗ ಹೇಳ್ರಿ, ಅಷ್ಟ ಸಾಕು,” ಎಂದು ಮಂತ್ರಿಯ ಕಾರಿಗೆ ಅಡ್ಡ ಮಲಗಿದವಳು ಅವಳೇ. ಕಾಯ್ದೆ ಬಂತು. ಕಂಟ್ರೋಲ್ ರೂಮಿನಲ್ಲಿ ಇಲಾಖೆಯವನ ಪಕ್ಕ ಜನರ ಪರವಾಗಿ ಒಬ್ಬರು ಕೂರಬೇಕೆಂದಾಯಿತು, ಆ ಕುರ್ಚಿ ಶಿವಗಂಗಾಳಿಗೆ ಬಂತು. ಹುಲಿಗೆಮ್ಮನಿಗೂ ಏನಾದರೂ ಆಸರೆ ಆಗಲೆಂದು ಕಮಾನಿನ ಪಕ್ಕದ ಅಂಗಡಿಯ ಜಾಗವನ್ನು ಓಡಾಡಿ ಕೊಡಿಸಿದವಳೂ ಶಿವಗಂಗಾಳೇ. ತಪಾಸಣೆಗೆ ಲಾರಿಗಳು ಸಾಲುಗಟ್ಟಿ ಕಾಯುವ ಜಾಗ ಅದು. ವ್ಯಾಪಾರ ಚೆನ್ನಾಗಿತ್ತು. ಧೂಳೂ ಚೆನ್ನಾಗಿತ್ತು.

ಮೊದಮೊದಲು ಊರವರು ಸಂಜೆಯಾದರೆ ಬೋರ್ಡಿನ ಮುಂದೆ ಕೂತು, ಬದಲಾಗುವ ಅಂಕಿಗಳನ್ನು ಕ್ರಿಕೆಟ್ ಸ್ಕೋರಿನಂತೆ ನೋಡುತ್ತಿದ್ದರು. ಶಾಲೆಗೆ ಹೊಸ ಛಾವಣಿ ಬಂತು, ನೀರಿನ ಟ್ಯಾಂಕು ಬಂತು. ಬರಬರುತ್ತ ಯಾರೂ ನೋಡದಾದರು. ಬೋರ್ಡಿನ ಕಂಬಕ್ಕೆ ಎಮ್ಮೆ ಕಟ್ಟತೊಡಗಿದರು. ಶಿವಗಂಗಾ ಮಾತ್ರ ದಿನಾ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದಳು. ಗೆದ್ದ ಮೇಲೆ ಕಾಯುವ ಕೆಲಸ ಇಷ್ಟು ಉದ್ದವಿರುತ್ತದೆಂದು ಧರಣಿಯ ದಿನಗಳಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

ಕಮಾನಿನ ಕಿವಿಯನ್ನು ಈಚೆಗೆ ಇನ್ನಷ್ಟು ಚುರುಕು ಮಾಡಿಸಿದ್ದೂ ವೇದಿಕೆಯೇ. ಹಿಂಡಿಯ ಚೀಲಗಳಲ್ಲಿ, ನೀರಿನ ಟ್ಯಾಂಕರುಗಳಲ್ಲಿ ಅದಿರು ಸಾಗುತ್ತಿದೆ ಎಂದು ದೂರು ಬಂದಾಗ, ಒಂದು ಚಿಟಿಕೆ ಅದಿರೂ ತಪ್ಪಿಸಿಕೊಳ್ಳಬಾರದು ಎಂದು ಅರ್ಜಿ ಹಾಕಿದ್ದರು. ಈಗ ಅದು ಚಿಟಿಕೆಯನ್ನೂ ಕೇಳಿಸಿಕೊಳ್ಳುತ್ತಿತ್ತು.

ಅಂದು ಹುಲಿಗೆಮ್ಮನನ್ನು ಕಳುಹಿಸಿ ಮೇಲೆ ಬಂದು ಕೂತ ಮೇಲೆ ಇನಾಯತ್ ಕೇಳಿದ, “ಗಂಗಕ್ಕ, ಏನಂತ ಬರೀಲಿ?”

ಅಡ್ಡಗಂಬ ಇಳಿದಾಗಲೆಲ್ಲ ಕಾರಣ ದಾಖಲಿಸಲೇಬೇಕು. ಅದಕ್ಕೆ ಇಬ್ಬರೂ ಬೆರಳು ಒತ್ತಬೇಕು. ಪರದೆಯ ಮೇಲೆ ಎರಡೇ ದಾರಿ. ‘ಅದಿರು ಸಾಗಣೆ’ ಅಥವಾ ‘ಯಂತ್ರದೋಷ’.

“ಆ ಪುಡಿಯಿಂದ ಏನಾದ್ರೂ ಆಗತೈತೇನು ಇನಾಯತ್?”

“ಪುಡಿಯಿಂದ ಏನೂ ಆಗಲ್ಲ ಅಂತ ಆಗಲೇ ಪರೀಕ್ಷೆ ಆಗಿದೆ ಅಕ್ಕ. ಅದರ ಜತೆಗೆ ಒಳಗೆ ಹೋಗಿರೋದು ಅದಿರಿನ ಧೂಳು. ಪುಡಿ ಬರೀ ಅಲ್ಲಿಂದ ಕೂಗ್ತಾ ಇದೆ.” ಅವನು ಸೇರಿಸಿದ. “ಅದೂ ಕಾಯ್ದೆ ಬಂದ ಮೇಲೆ ಹೋಗಿರೋದು ಮಾತ್ರ. ಅದಕ್ಕಿಂತ ಮುಂಚಿನ ಧೂಳಿಗೆ ದನಿ ಇಲ್ಲ. ಅದು ಕಾಣಲ್ಲ.”

ಶಿವಗಂಗಾ ಯಂತ್ರದೋಷದ ಮೇಲೆ ಬೆರಳಿಟ್ಟಳು. ಇನಾಯತ್ ತಾನೂ ಇಟ್ಟ.

ಆಮೇಲೆ ಅದು ದಿನದ ಕೆಲಸವಾಯಿತು. ಕ್ರಷರಿನಲ್ಲಿ ದುಡಿಯುವ ಗಂಡಸರಿಗೆ ಕಮಾನು ಕೂಗಿತು. ರಸ್ತೆ ಗುಡಿಸುವ ಇಬ್ಬರು ಹೆಂಗಸರಿಗೆ ಕೂಗಿತು. ರಸ್ತೆಬದಿಯ ಶಾಲೆಯ ಮಾಸ್ತರರ ಸ್ಕೂಟರಿಗೆ ಅಡ್ಡಗಂಬ ಇಳಿದಾಗ ಅವರು ಹೆಲ್ಮೆಟ್ ತೆಗೆದು ಮೇಲೆ ನೋಡಿ, “ಮತ್ತ ಕೆಟ್ಟೈತೇನ್ರೀ ಇದು?” ಎಂದರು. “ಹೌದ್ರೀ ಮಾಸ್ತರ, ರಿಪೇರಿ ಮಾಡಿಸ್ತೀವಿ,” ಎಂದಳು ಶಿವಗಂಗಾ. ಮೊದಲ ಸಲ ಹಾಗೆ ಹೇಳಲು ಅವಳು ಮಾತು ಹುಡುಕಬೇಕಾಗಿತ್ತು. ಆಮೇಲೆ ಅದೂ ರೂಢಿಯಾಯಿತು.

ಮನೆಯಲ್ಲಿ ಗಂಡ ಪಂಪಾಪತಿ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಹರೆಯದಿಂದ ಗಣಿಯ ಟಿಪ್ಪರ್ ಓಡಿಸಿದವನು. ಈಗ ಓಣಿಯ ತುದಿಯ ಪಂಕ್ಚರ್ ಅಂಗಡಿಯವರೆಗೆ ನಡೆಯಲೂ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಕಮಾನು ಮನುಷ್ಯರಿಗೂ ಕೂಗುತ್ತದೆಂಬ ಮಾತು ಊರಲ್ಲಿ ಹಬ್ಬಿದ ಮೇಲೆ ಅವನು ಚೆಕ್‌ಪೋಸ್ಟಿನ ದಾರಿಯನ್ನೇ ಬಿಟ್ಟ. ಪೇಟೆಗೆ ಹೋಗಬೇಕಾದರೆ ಕಾಲುವೆಯ ಏರಿಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದ.

“ಅಷ್ಟು ದೂರ ಯಾಕ ಸುತ್ತತೀರಿ? ದಮ್ಮು ಹತ್ತತೈತಿ,” ಎಂದಳು ಒಂದು ಸಂಜೆ, ರೊಟ್ಟಿ ತಟ್ಟುತ್ತ.

“ಅಲ್ಲಿ ಗಾಳಿ ಚಲೋ ಇರತೈತಿ.”

“ಕಮಾನ ಕೂಗತೈತಿ ಅಂತ ಅಂಜಿಕಿ ಏನು?”

ಪಂಪಾಪತಿ ತಟ್ಟೆಯಲ್ಲಿದ್ದ ಪುಂಡಿಪಲ್ಯವನ್ನು ಬೆರಳಲ್ಲಿ ಆಚೀಚೆ ಸರಿಸಿದ. “ನನಗ ಏನಾಗೈತಿ ಅಂತ ನನಗ ಗೊತ್ತೈತಿ ಗಂಗಾ. ಅದನ್ನ ಒಂದು ಅಂಕಿ ಮಾಡಿ ಹೇಳಿದ್ರ ಕಡಿಮಿ ಆಗತೈತೇನು? ಡಾಕ್ಟ್ರು ಬೀಡಿ ಬಿಡು ಅಂತಾರ. ನಾ ಬೀಡಿ ಮುಟ್ಟಿದವನ ಅಲ್ಲ. ಇಲ್ಲ ಅಂದ್ರ ನಗತಾರ. ಸಾಕು ಬಿಡು.”

ಅವಳು ತವೆಯ ಮೇಲಿನ ರೊಟ್ಟಿ ತಿರುವಿದಳು. ಕಂಪನಿಯ ಕ್ಯಾಂಪಿನ ಡಾಕ್ಟರು ಊರಿನ ಕೆಮ್ಮಿಗೆಲ್ಲ ಬೀಡಿ, ಒಲೆಯ ಹೊಗೆ, ಹವಾಮಾನ ಎಂದೇ ಬರೆಯುತ್ತಿದ್ದುದು ಅವಳಿಗೂ ಗೊತ್ತಿತ್ತು. ಅದು ಸುಳ್ಳೆಂಬುದಕ್ಕೆ ಸಾಕ್ಷಿ ದಿನಾ ತನ್ನ ಕಣ್ಣೆದುರು ಪರದೆಯ ಮೇಲೆ ಮೂಡುತ್ತಿತ್ತು. ದಿನಾ ಅದರ ಮೇಲೆ ತನ್ನದೇ ಬೆರಳು.

ಕಡೆಗೊಮ್ಮೆ ತಾಲ್ಲೂಕು ಪೇಟೆಗೆ ಹೋಗಿ ವಕೀಲ ಚಂದ್ರಮೌಳಿಯವರನ್ನು ಕಂಡಳು. ಅವರು ವೇದಿಕೆಯ ಅಧ್ಯಕ್ಷರು. ಕಾಯ್ದೆಯ ಕರಡನ್ನು ಕೂತು ಬರೆದವರು, ಅದಕ್ಕಾಗಿ ತಮ್ಮ ವಕೀಲಿಯನ್ನೇ ಅರ್ಧ ಕಳೆದುಕೊಂಡವರು. ಅವಳು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು.

“ನನಗೆ ಗೊತ್ತಿತ್ತು,” ಎಂದರು.

“ಗೊತ್ತಿತ್ತೇನ್ರೀ ಸರ್?”

“ಕಂಪನಿಯವರಿಗೂ ಗೊತ್ತಾಗಿದೆ. ಹೋದ ವಾರ ಬಹಳ ಸೌಜನ್ಯದಿಂದ ಒಂದು ಸಲಹೆ ಕಳಿಸಿದ್ದಾರೆ. ಜನಸಾಮಾನ್ಯರ ಓಡಾಟಕ್ಕೆ ತೊಂದರೆ ಆಗಬಾರದಂತೆ. ಕಮಾನು ಇಂತಿಷ್ಟು ಕಿಲೋಗಿಂತ ಕಡಿಮೆ ಇರೋದನ್ನ ಕೇಳಿಸಿಕೊಳ್ಳದ ಹಾಗೆ ಮಾಡೋಣ ಅಂತಾರೆ.” ಅವರು ಕಹಿಯಾಗಿ ನಕ್ಕರು. “ಒಪ್ಪಿಕೊಂಡರೆ ಹಿಂಡಿಚೀಲದ ಅದಿರು ಮತ್ತೆ ಶುರು. ಒಪ್ಪದೆ, ಇದು ಯಂತ್ರದೋಷ ಅಲ್ಲ, ಜನರ ಎದೆಯೊಳಗೆ ಅದಿರಿದೆ ಅಂತ ನಾವೇ ಹೇಳಿದರೆ, ಮಾರನೇ ದಿನ ಕೋರ್ಟಿಗೆ ಹೋಗ್ತಾರೆ. ಗುರುತುಪುಡಿಯೇ ರೋಗ ತಂದಿದೆ ಅಂತಾರೆ. ಪುಡಿ ನಿಲ್ಲುತ್ತೆ, ಕಮಾನು ನಿಲ್ಲುತ್ತೆ, ಬೋರ್ಡು ಆರುತ್ತೆ. ಅಷ್ಟು ವರ್ಷದ ಕೆಲಸ ಒಂದು ಬೆಳಿಗ್ಗೆಗೆ ಮುಗೀತು.”

“ಹಂಗಾರ ಏನ್ ಮಾಡೂದ್ರೀ?”

“ಸ್ವಲ್ಪ ದಿನ ತಡಿ ಶಿವಗಂಗಾ. ನನಗೂ ಬೇರೆ ದಾರಿ ಕಾಣ್ತಿಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚಂದ್ರಮೌಳಿಯವರ ಮುಖದಲ್ಲಿ ಕಂಡದ್ದು ತನ್ನ ಮುಖದಲ್ಲೂ ಇರಬೇಕು ಎನಿಸಿತು. ಸೋತವರ ದಣಿವಾಗಿದ್ದರೆ ಮಲಗಿ ಎದ್ದರೆ ಹೋಗುತ್ತಿತ್ತು. ಇದು ಗೆದ್ದದ್ದನ್ನು ಕೈಬಿಡಲಾರದವರ ದಣಿವು.

ಹುಲಿಗೆಮ್ಮ ಮಳೆಗಾಲದಲ್ಲಿ ಅಂಗಡಿ ಮುಚ್ಚಿದಳು. ಮೆಣಸಿನಕಾಯಿ ಕರಿಯುವ ಘಾಟು ತಡೆಯುತ್ತಿರಲಿಲ್ಲ. ಶಿವಗಂಗಾ ಸಂಜೆ ಹೋಗಿ ಪಕ್ಕದಲ್ಲಿ ಕೂತರೆ, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದವಳು ಕಣ್ಣು ಬಿಟ್ಟು, “ಬೋರ್ಡಿನ್ಯಾಗ ಇವತ್ತ ಎಷ್ಟ ಬಂತವ್ವಾ?” ಎಂದು ಕೇಳುತ್ತಿದ್ದಳು. ಊರಲ್ಲಿ ಇನ್ನೂ ಅದನ್ನು ಕೇಳುತ್ತಿದ್ದವಳು ಅವಳೊಬ್ಬಳೇ. ಶಿವಗಂಗಾ ಅಂಕಿ ಹೇಳುತ್ತಿದ್ದಳು. ಇನ್ನೊಂದು ಅಂಕಿ ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು.

ದಸರೆಗೆ ಮುಂಚೆ ಹುಲಿಗೆಮ್ಮ ತೀರಿಕೊಂಡಳು.

ಹೂಳುವ ಜಾಗ ಚೆಕ್‌ಪೋಸ್ಟಿನಾಚೆ, ಹಳ್ಳದ ದಂಡೆಯಲ್ಲಿ. ಬೆಳಿಗ್ಗೆ ಹಲಗೆ ಬಾರಿಸಿಕೊಂಡು ಮೆರವಣಿಗೆ ಬಂತು. ಹೂವಿನ ಕುರ್ಚಿಯಲ್ಲಿ ಕೂರಿಸಿ, ಹಸಿರು ಸೀರೆ ಉಡಿಸಿ, ಹಣೆಗೆ ದೊಡ್ಡ ಕುಂಕುಮ ಇಟ್ಟಿದ್ದರು. ಅಂದು ಕರ್ತವ್ಯದಲ್ಲಿದ್ದ ಶಿವಗಂಗಾ ಕೆಳಗಿಳಿದು ಸೇರಿಕೊಳ್ಳಬೇಕೆಂದು ಎದ್ದಳು. ಅಷ್ಟರಲ್ಲಿ ಹೆಣ ಕಮಾನಿನ ಕೆಳಗೆ ಬಂತು. ಹೊತ್ತವರೆಲ್ಲ ಕ್ರಷರಿನ ಹುಡುಗರು. ಎಲ್ಲರ ಎದೆಯೂ ಒಟ್ಟಿಗೆ ಕೂಗಿರಬೇಕು. ಅಡ್ಡಗಂಬ ಹೆಣದ ಮುಂದೆ ಧಡ್ಡೆಂದು ಇಳಿಯಿತು. ಹಲಗೆ ನಿಂತಿತು.

“ಯಂತ್ರದೋಷ ಹಾಕು ಬೇಗ,” ಎಂದಳು.

ಇನಾಯತ್ ಒತ್ತಿದ. ಪರದೆ ಒಪ್ಪಲಿಲ್ಲ. ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಸಲ ಯಂತ್ರದೋಷ ದಾಖಲಿಸುವಂತಿಲ್ಲ, ಆ ತಿಂಗಳ ಮಿತಿ ಆಗಲೇ ಮುಗಿದಿತ್ತು. ಹಿಂದೆ ಕಂಪನಿಯ ಕಡೆಯವರು ಅದೇ ಗುಂಡಿ ಒತ್ತಿಸಿ ಲಾರಿಗಳನ್ನು ಪಾರು ಮಾಡುತ್ತಿದ್ದುದರಿಂದ, ವೇದಿಕೆಯೇ ಹಟ ಹಿಡಿದು ಸೇರಿಸಿದ ನಿಯಮ ಅದು. ಇನ್ನು ರಾಜಧಾನಿಯಿಂದ ಅನುಮತಿ ಬರಬೇಕು. ಅಲ್ಲಿನ ಕಚೇರಿ ಇನ್ನೂ ತೆರೆದಿರಲಿಲ್ಲ.

ಕೆಳಗೆ ಜನ ಕೂಗಾಡತೊಡಗಿದರು. ಯಾರೋ ಅಡ್ಡಗಂಬವನ್ನು ಹಿಡಿದು ಅಲ್ಲಾಡಿಸಿದರು.

“ಅಕ್ಕ, ಕರೆಂಟು ತೆಗೆದುಬಿಡ್ತೀನಿ,” ಎಂದ ಇನಾಯತ್ ಮೆಲ್ಲಗೆ. “ಐದು ನಿಮಿಷ. ಗಂಬ ತಾನಾಗಿ ಏಳುತ್ತೆ. ಆ ಹೊತ್ತಿನಲ್ಲಿ ಎಷ್ಟು ಲಾರಿ ದಾಟುತ್ತೋ ದಾಟಲಿ. ಯಾರೂ ಕೇಳಲ್ಲ.”

ಶಿವಗಂಗಾ ಮೆಟ್ಟಿಲಿಳಿದಳು. ಹೆಣದ ಪಕ್ಕದಲ್ಲಿ ಹುಲಿಗೆಮ್ಮನ ಮಗಳು ರೇಣವ್ವ ನಿಂತಿದ್ದಳು. ಗಂಡನ ಮನೆಯಿಂದ ಹಿಂದಿನ ದಿನವಷ್ಟೇ ಬಂದವಳು. ಅಳು ಮುಗಿದು ಮುಖ ಊದಿತ್ತು.

“ಏನಾಗೈತಕ್ಕ? ನಮ್ಮವ್ವನ್ನ ಯಾಕ ತಡದೈತಿ ಅದು?”

ಯಂತ್ರ ಕೆಟ್ಟಿದೆ ಎಂಬ ಮಾತು ಶಿವಗಂಗಾಳ ಬಾಯಲ್ಲಿ ಸಿದ್ಧವಾಗಿತ್ತು. ಎಷ್ಟೋ ತಿಂಗಳಿಂದ ಹೇಳಿ ಹೇಳಿ ನುಣುಪಾಗಿದ್ದ ಮಾತು. ಹೆಣದ ಮುಖ ನೋಡಿದಳು. ಗಲ್ಲ ಕಟ್ಟಿದ ಬಟ್ಟೆಯ ಮೇಲೂ ಆಗಲೇ ಕೆಂಪು ಧೂಳು ಕೂತಿತ್ತು.

“ಕೆಟ್ಟಿಲ್ಲ ರೇಣವ್ವಾ,” ಎಂದಳು. “ನಿಮ್ಮವ್ವನ ಎದಿಯಾಗ ಅದಿರೈತಿ. ಈ ಗುಡ್ಡದ್ದ ಅದಿರು. ಯಾವ ಗಣಿದು ಅನ್ನೂದೂ ಅದಕ್ಕ ಗೊತ್ತೈತಿ. ಹೊತ್ತವರ ಎದಿಯಾಗೂ ಐತಿ. ನನಗ ಭಾಳ ದಿನದಿಂದ ಗೊತ್ತಿತ್ತು. ಹೇಳಲಿಲ್ಲ.”

ಹೊತ್ತ ಹುಡುಗರಲ್ಲೊಬ್ಬ ಹೆಗಲು ಬದಲಿಸುತ್ತಿದ್ದವನು ಹಾಗೇ ನಿಂತ.

“ಯಾಕ ಹೇಳಲಿಲ್ಲ?” ರೇಣವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು.

“ಹೇಳಿದ್ರ ಕಮಾನ ನಿಲ್ಲಸತಾರ ಅಂತ. ಬೋರ್ಡ್ ಹೋಗತೈತಿ ಅಂತ. ಅದಕ್ಕಾಗಿ ನಿಮ್ಮವ್ವ ಅಷ್ಟು ವರ್ಷ ಬಿಸಲಾಗ ಕೂತಿದ್ದಳು.”

ರೇಣವ್ವ ತಾಯಿಯ ಮಡಿಲಿನ ಮೇಲೆ ಸರಿದಿದ್ದ ಸೆರಗನ್ನು ಸರಿಪಡಿಸಿದಳು. “ಗುಡ್ಡ ಎಲ್ಲಿಗಿ ಹೋತು ಅಂತ ಕೇಳಾಕ ಕೂತಿದ್ದಳಲ್ಲಕ್ಕ,” ಎಂದಳು. “ಇಷ್ಟು ಇಲ್ಲಿಗಿ ಬಂದೈತಿ ಅಂತ ಬರಿ. ಬರದು ಗಂಬ ಎತ್ತು. ಬಿಸಿಲು ಏರಾಕತ್ತೈತಿ.”

ಶಿವಗಂಗಾ ಮೇಲೆ ಹತ್ತಿದಳು. ‘ಅದಿರು ಸಾಗಣೆ’ಯ ಮೇಲೆ ಬೆರಳಿಟ್ಟಾಗ ಪರದೆ ಒಂದೊಂದಾಗಿ ಕೇಳಿತು. ಮೂಲ, ಅದನ್ನು ಯಂತ್ರವೇ ತುಂಬಿತ್ತು, ಗುಡ್ಡದ ಮೇಲಿನ ಗುತ್ತಿಗೆಯ ಸಂಖ್ಯೆ. ತೂಕ, ಅದನ್ನೂ ತುಂಬಿತ್ತು, ಉಪ್ಪಿನ ಚಿಟಿಕೆಯಷ್ಟು. ಸಾಗಿಸುತ್ತಿರುವವರು: ಹುಲಿಗೆಮ್ಮ. ಎಲ್ಲಿಗೆ: ಹಳ್ಳದ ದಂಡೆಯ ರುದ್ರಭೂಮಿ. ರಾಜಧನ: ಸಂದಾಯವಾಗಿಲ್ಲ. ಹೊತ್ತವರ ಹೆಸರುಗಳನ್ನೂ ಕಿಟಕಿಯಿಂದ ಅವರನ್ನೇ ಕೇಳಿ ಸೇರಿಸಿದಳು. ಇನಾಯತ್ ಅವಳನ್ನೊಮ್ಮೆ ನೋಡಿದ. “ನನ್ನ ನೌಕರಿ ಹೋಗುತ್ತೆ ಅಕ್ಕ,” ಎಂದ. ಹಾಗೆಂದು ತನ್ನ ಬೆರಳನ್ನೂ ಇಟ್ಟ.

ಅಡ್ಡಗಂಬ ಎದ್ದಿತು. ಹಲಗೆ ಮತ್ತೆ ಶುರುವಾಯಿತು. ಆ ಹೊತ್ತಿಗೆ ಗಣಿಸೀಮೆಯ ಎಲ್ಲ ಪಂಚಾಯತಿಗಳ ಬೋರ್ಡಿನ ಮೇಲೆ, ಟನ್ನುಗಳ ಸಾಲಿನ ಕೆಳಗೆ, ಹುಲಿಗೆಮ್ಮನ ಹೆಸರು ಬಂದಿತ್ತು.

ಮಾರನೇ ಬೆಳಿಗ್ಗೆ ಕಮಾನಿನ ಮುಂದೆ ಜನ ಸಾಲು ನಿಂತಿದ್ದರು. ಯಾರೂ ಕರೆದಿರಲಿಲ್ಲ. ಮಾಸ್ತರರು ಶಾಲೆಯ ಅಡುಗೆಯವಳನ್ನು ಕರೆದುಕೊಂಡು ಬಂದಿದ್ದರು. ಪಕ್ಕದ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಬಂದರು. ಒಬ್ಬೊಬ್ಬರಾಗಿ ಕಮಾನಿನ ಕೆಳಗೆ ನಿಂತು, ಹೆಸರು ಹೇಳಿ, ಅದಿರು ಬರೆಸಿಕೊಂಡು ಹೋದರು. ಕೆಲವರಿಗೆ ಕಮಾನು ಕೂಗಲಿಲ್ಲ. ಅವರಿಗೆ ಸಂತೋಷಪಡುವುದೋ ನಾಚಿಕೊಳ್ಳುವುದೋ ತಿಳಿಯಲಿಲ್ಲ.

ಮಧ್ಯಾಹ್ನ ಸಾಲಿನ ಕೊನೆಯಲ್ಲಿ ಪಂಪಾಪತಿಯನ್ನು ಕಂಡು ಶಿವಗಂಗಾ ಕಿಟಕಿಯಿಂದ ಹಿಂದೆ ಸರಿದಳು. ಅವನು ಕಮಾನಿನ ಕಂಬವನ್ನು ಹಿಡಿದು ಉಸಿರು ಸುಧಾರಿಸಿಕೊಂಡ. ಕೆಳಗೆ ನಿಂತ. ಕಮಾನು ಕೂಗಿದ ರೀತಿಗೆ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅಂಕಿಯನ್ನು ಅವಳು ದಾಖಲಿಸಿದಳು. ಸಂಜೆ ಮನೆಯಲ್ಲಿ ಅವನು ಅದೆಷ್ಟೆಂದು ಕೇಳಲಿಲ್ಲ. ಊಟವಾದ ಮೇಲೆ, “ಆ ಡಾಕ್ಟ್ರಿಗೆ ಇದು ಕಾಣತೈತೇನು?” ಎಂದಷ್ಟೇ ಕೇಳಿದ. “ಎಲ್ಲಾರಿಗೂ ಕಾಣತೈತಿ,” ಎಂದಳು.

ಚಂದ್ರಮೌಳಿಯವರು ಹೇಳಿದ್ದಂತೆಯೇ ಆಯಿತು. ಕಂಪನಿ ಕೋರ್ಟಿಗೆ ಹೋಯಿತು. ಕಮಾನು ಹುಚ್ಚು ಹಿಡಿದ ಯಂತ್ರ ಎಂದು ಒಂದು ವಾದ, ಪುಡಿಯೇ ವಿಷ ಎಂದು ಇನ್ನೊಂದು ವಾದ, ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿತು. ತಡೆಯಾಜ್ಞೆ ಬಂತು. ಕಮಾನಿನ ತಂತಿ ಕಿತ್ತರು, ಬೋರ್ಡು ಆರಿತು, ಇನಾಯತನನ್ನು ಎಲ್ಲಿಗೋ ವರ್ಗ ಮಾಡಿದರು. ಲಾರಿಗಳು ನಿಲ್ಲದೆ ಸಾಗಿದವು. ವೇದಿಕೆಯ ಸಭೆಯಲ್ಲಿ ಶಿವಗಂಗಾಳ ಮುಖಕ್ಕೇ, ಕಟ್ಟಿದ್ದನ್ನೆಲ್ಲ ನೀನು ಕೆಡವಿದೆ ಎಂದವರಿದ್ದರು. ಅವಳು ಕುರ್ಚಿಯೂ ಇಲ್ಲವಾದ್ದರಿಂದ ಮನೆಯಲ್ಲೇ ಇರತೊಡಗಿದಳು.

ಆದರೆ ಕಮಾನು ನಿಂತರೂ ಇಲಾಖೆಯ ಕಂಪ್ಯೂಟರು ನಿಂತಿರಲಿಲ್ಲ. ತಡೆಯಾಜ್ಞೆಗೆ ಮುಂಚಿನ ದಾಖಲೆಗಳನ್ನು ಅದು ತನ್ನ ಪಾಡಿಗೆ ನೋಡಿ, ರಾಜಧನ ಕಟ್ಟದೆ ಅದಿರು ಸಾಗಿಸಿದವರಿಗೆಲ್ಲ ನೋಟಿಸು ಕಳಿಸಿತು. ಜೋಗಿಕಟ್ಟೆಯ ಮನೆಮನೆಗೆ ನೋಟಿಸು ಬಂತು. ಹುಲಿಗೆಮ್ಮನ ಹೆಸರಿಗೂ ಬಂತು. ಒಂದು ಮಿರ್ಚಿಯ ಬೆಲೆಯೂ ಆಗದ ರಾಜಧನ.

ಊರವರು ನಕ್ಕರು, ಬೈದರು, ಕೆಲವರು ಹರಿದೂ ಹಾಕಿದರು. ಚಂದ್ರಮೌಳಿಯವರು ಮಾತ್ರ ಸುದ್ದಿ ಕೇಳಿದವರೇ ಬಾಡಿಗೆ ಕಾರು ಮಾಡಿಕೊಂಡು ಶಿವಗಂಗಾಳ ಮನೆಗೆ ಬಂದರು. ಸಭೆಯಾದ ಮೇಲೆ ಅವಳೊಡನೆ ಮಾತಾಡಿರಲಿಲ್ಲ.

“ಯಾರೂ ಹರಿಯಬೇಡಿ ಅಂತ ಹೇಳು,” ಎಂದರು, ನಿಂತೇ. “ಹೋಗಿ ಕಟ್ಟಲಿ. ಕಟ್ಟಿ ರಸೀದಿ ತಗೊಳ್ಳಲಿ. ಕಮಾನು ಕೆಟ್ಟಿತ್ತು ಅಂತ ಕೋರ್ಟಿನಲ್ಲಿ ಇಲಾಖೆಯೂ ಕಂಪನಿಯ ಜತೆ ದನಿಗೂಡಿಸಿದೆ. ಆ ಅದಿರಿಗೆ ರಾಜಧನ ವಸೂಲು ಮಾಡಿ ರಸೀದಿ ಕೊಟ್ಟ ಮೇಲೆ ಆ ಮಾತು ಹೇಗೆ ಆಡ್ತಾರೆ? ಇಂಥ ಗಣಿಯ ಅದಿರು ಇಂಥವರ ಹತ್ತಿರ ಇತ್ತು ಅಂತ ಸರ್ಕಾರವೇ ಮುದ್ರೆ ಒತ್ತಿ ಒಪ್ಪಿಕೊಂಡ ಹಾಗೆ.” ಆಮೇಲೆ ಸ್ಟೂಲಿನ ಮೇಲೆ ಕೂತು, “ಒಂದು ಲೋಟ ನೀರು ಕೊಡು ಶಿವಗಂಗಾ,” ಎಂದರು.

ಹಾಗೆ ಒಂದು ಸೋಮವಾರ ಜಿಲ್ಲಾ ಗಣಿ ಕಚೇರಿಯ ಪಡಸಾಲೆ ತುಂಬ ಜೋಗಿಕಟ್ಟೆಯವರು ನಿಂತರು. ಕೆಮ್ಮಿನ ಸದ್ದಿಗೆ ಒಳಗಿನ ಗುಮಾಸ್ತ ಎರಡು ಸಲ ತಲೆಯೆತ್ತಿ ನೋಡಿದ. ಎಲ್ಲರಿಗಿಂತ ಮುಂದೆ ರೇಣವ್ವ, ಪಕ್ಕದಲ್ಲಿ ಶಿವಗಂಗಾ, ಹಿಂದೆ ಪಂಪಾಪತಿ.

ಗುಮಾಸ್ತ ನೋಟಿಸನ್ನು ತಿರುಗಿಸಿ ಮುರುಗಿಸಿ ನೋಡಿದ. “ಇಷ್ಟಕ್ಕೆಲ್ಲ ಇಲ್ಲಿವರೆಗೆ ಬಂದಿದ್ದೀರಾ? ಬಸ್ ಚಾರ್ಜೂ ಗಿಟ್ಟಲ್ಲವಲ್ಲಮ್ಮ. ಬಿಟ್ಟಿದ್ರೆ ತಾನಾಗೇ ರದ್ದಾಗ್ತಿತ್ತು.”

“ರದ್ದಾಗೂದು ಬ್ಯಾಡ್ರೀ,” ಎಂದಳು ರೇಣವ್ವ. “ಕಟ್ಟಿಸ್ಕೊಂಡು ರಸೀದಿ ಕೊಡ್ರಿ.”

ಅವನು ನಿಟ್ಟುಸಿರು ಬಿಟ್ಟು ರಸೀದಿಯ ನಮೂನೆ ತೆರೆದ. “ಸಾಗಿಸಿದವರು ಹುಲಿಗೆಮ್ಮ. ಅವರೆಲ್ಲಿ?”

“ತೀರಿಕೊಂಡಾಳ್ರಿ. ನಾ ಮಗಳು.”

“ಅದಿರು ಈಗ ಎಲ್ಲಿದೆ? ಇದೊಂದು ತುಂಬದೆ ರಸೀದಿ ಬರಲ್ಲ ಇದರಲ್ಲಿ.”

“ಹಳ್ಳದ ದಂಡಿ ಮ್ಯಾಲೆ. ನಮ್ಮವ್ವನ್ನ ಇಟ್ಟಲ್ಲಿ.”

ಗುಮಾಸ್ತನ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಅವನು ರೇಣವ್ವನ ಮುಖ ನೋಡಿದ. ಆಮೇಲೆ ಅವಳ ಹಿಂದೆ ಬಾಗಿಲಾಚೆಯವರೆಗೆ ನಿಂತವರನ್ನು, ಅವರ ಕೈಯಲ್ಲಿದ್ದ ನೋಟಿಸುಗಳನ್ನು ನೋಡಿದ. ಅವಳು ಹೇಳಿದ್ದನ್ನೇ ಬರೆದ. ಮುದ್ರೆ ಒತ್ತಿ ರಸೀದಿ ಕೊಟ್ಟ. ರೇಣವ್ವ ಅದನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕಕ್ಕೆ ಸರಿದಳು.

“ಮುಂದಿನವರು,” ಎಂದ ಗುಮಾಸ್ತ. ದನಿ ಇಳಿದಿತ್ತು.

ಪಂಪಾಪತಿ ಮೇಜಿನ ಅಂಚು ಹಿಡಿದು ಮುಂದೆ ಬಂದ. ನೋಟಿಸು ಇಟ್ಟ. ಗುಮಾಸ್ತ ಹೆಸರು ಬರೆದ, ಗುತ್ತಿಗೆಯ ಸಂಖ್ಯೆ ಬರೆದ, ತೂಕದ ಮುಂದೆ ಒಂದು ಕ್ಷಣ ತಡೆದು ಅದನ್ನೂ ಬರೆದ.

“ಅದಿರು ಈಗ ಎಲ್ಲಿದೆ?”

ಪಂಪಾಪತಿ ಹೇಳಲೆಂದು ಬಾಯಿ ತೆರೆದ. ಕೆಮ್ಮು ಬಂತು. ಶಿವಗಂಗಾ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಅದು ಬೇಗ ನಿಲ್ಲುವ ಕೆಮ್ಮಾಗಿರಲಿಲ್ಲ. ಗುಮಾಸ್ತ ಕೀಲಿಮಣೆಯಿಂದ ಕೈ ತೆಗೆದು, ಅದು ಮುಗಿಯುವವರೆಗೆ ಕಾದ.